ಹಳೆಯ ತಂತ್ರಾಂಶವನ್ನು ಉಳಿಸಿಕೊಳ್ಳಬೇಕೆ, ಹೊಸದಾಗಿ ಬರೆಸಬೇಕೆ, ಬಾಡಿಗೆಗೆ ತರಬೇಕೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸೌಹಾರ್ದ ಸಹಕಾರಿಯಲ್ಲಿ ಮುಖ್ಯ ಕಾರ್ಯನಿರ್ವಾಹಕ. ಮೂರು ಶಾಖೆ, ಹನ್ನೊಂದು ಮಂದಿ ಸಿಬ್ಬಂದಿ, ಆರು ಸಾವಿರಕ್ಕೂ ಹೆಚ್ಚು ಸದಸ್ಯರು. 1999ರಲ್ಲಿ ನಮ್ಮೂರಿನವರೇ ಒಬ್ಬರು ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ಸಾಧನದಲ್ಲಿ ಬರೆದುಕೊಟ್ಟ ಲೆಕ್ಕದ ತಂತ್ರಾಂಶ ಇಂದಿಗೂ ನಡೆಯುತ್ತಿದೆ. 2006ರಲ್ಲಿ ಅದನ್ನು ವಿಂಡೋಸಿಗಾಗಿ ಬಂದ ವಿಷುವಲ್ ಫಾಕ್ಸ್‌ಪ್ರೊಗೆ ಬದಲಾಯಿಸಿದರು. ಷೇರು ಮತ್ತು ಡಿವಿಡೆಂಡಿನ ಭಾಗ ಮಾತ್ರ ವಿಂಡೋಸಿಗೂ ಮುಂಚಿನ ಡಾಸ್‌ನಲ್ಲೇ ಉಳಿದಿದ್ದು, ಕಚೇರಿಯ ಮೂಲೆಯಲ್ಲಿರುವ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಷ್ಟೇ ಓಡುತ್ತದೆ. ಸದಸ್ಯರ ಹೆಸರುಗಳೆಲ್ಲ ನುಡಿ ಅಕ್ಷರಗಳಲ್ಲಿವೆ. ಬರೆದುಕೊಟ್ಟವರಿಗೆ ಈಗ ಅರವತ್ತೆಂಟು. ‘ಮುಟ್ಟಬೇಡಿ, ಇನ್ನೂ ಹತ್ತು ವರ್ಷ ಓಡುತ್ತದೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನಮ್ಮ ಅಧ್ಯಕ್ಷರ ಮಗಳು ‘ಪೂರ್ತಿ ಕಿತ್ತುಹಾಕಿ ಕ್ಲೌಡ್‌ನಲ್ಲಿ ಮೈಕ್ರೋಸರ್ವೀಸ್ ಮಾದರಿಯಲ್ಲಿ ಹೊಸದಾಗಿ ಬರೆಸಿ’ ಎನ್ನುತ್ತಾರೆ. ಸಿದ್ಧ ತಂತ್ರಾಂಶವನ್ನು ತಿಂಗಳ ಬಾಡಿಗೆಗೆ ಕೊಡುತ್ತೇವೆಂದು ಒಂದು ಕಂಪನಿಯವರು ಎರಡು ಸಲ ಬಂದುಹೋದರು. ನಿರ್ದೇಶಕರೊಬ್ಬರು ಸಭೆಯಲ್ಲಿ ‘ಈಗ ಎಐ ಒಂದೇ ತಿಂಗಳಲ್ಲಿ ಬರೆದುಬಿಡುತ್ತದೆ, ಲಕ್ಷಗಟ್ಟಲೆ ಏಕೆ ಸುರಿಯಬೇಕು’ ಎಂದು ಕೇಳಿದರು. ಬಲ್ಲವರೇ ಒಬ್ಬೊಬ್ಬರು ಒಂದೊಂದು ಹೇಳಿದರೆ, ವಾಣಿಜ್ಯ ಓದಿದ ನಾನು ಬರುವ ಮಹಾಸಭೆಯಲ್ಲಿ ಏನೆಂದು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದಾಗ ನನಗೆ ಅನಿಸಿದ್ದು, ಆ ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂದು. ಬರೆದುಕೊಟ್ಟವರು ತಮ್ಮ ತಂತ್ರಾಂಶ ಕಾಲು ಶತಮಾನ ಲೆಕ್ಕ ತಪ್ಪದೆ ನಡೆದದ್ದನ್ನು ಕಂಡಿದ್ದಾರೆ. ಅಧ್ಯಕ್ಷರ ಮಗಳು ನೂರಾರು ಎಂಜಿನಿಯರುಗಳು ಒಂದೇ ಕೋಡಿಗೆ ಕೈಹಾಕಿ, ಒಬ್ಬರ ತಿದ್ದುಪಡಿಯಿಂದ ಇನ್ನೊಬ್ಬರ ಕೆಲಸ ಕೆಡುವ ಪರಿಸರದಲ್ಲಿ ದುಡಿಯುತ್ತಿರಬೇಕು. ಅಲ್ಲಿ ತಂತ್ರಾಂಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವ ಮೈಕ್ರೋಸರ್ವೀಸ್ ನಿಜವಾದ ಪರಿಹಾರವೇ. ಕಂಪನಿಯವರು ತಂತ್ರಾಂಶ ಬರೆದಾತ ಊರು ಬಿಟ್ಟ ಮೇಲೆ ಪರದಾಡಿದ ಸಂಘಗಳನ್ನು ನೋಡಿದ್ದಾರೆ, ಮಾರಾಟಕ್ಕೆ ಬಂದವರು ಎಂದ ಮಾತ್ರಕ್ಕೆ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ನಿರ್ದೇಶಕರು ಎಐ ಕಣ್ಣೆದುರೇ ಪ್ರೋಗ್ರಾಂ ಬರೆದದ್ದನ್ನು ನೋಡಿರಬಹುದು. ಎಲ್ಲರೂ ತಮ್ಮ ಕೈ ಸುಟ್ಟ ಒಲೆಯನ್ನೇ ನೆನೆದು ಸಲಹೆ ಕೊಡುತ್ತಿದ್ದಾರೆ. ನಿಮ್ಮ ಸಂಘದ ಒಲೆ ಯಾವುದು ಎಂಬುದನ್ನು ಅವರಲ್ಲಿ ಯಾರೂ ಕೇಳಿದಂತಿಲ್ಲ.

ಮೂವತ್ತು ವರ್ಷಗಳಿಂದ ಸಹಕಾರ ಸಂಘಗಳ ಮತ್ತು ಸಣ್ಣ ಬ್ಯಾಂಕುಗಳ ಲೆಕ್ಕದ ತಂತ್ರಾಂಶಗಳನ್ನು ಬರೆಯುವುದು, ಹಳೆಯದರಿಂದ ಹೊಸದಕ್ಕೆ ಸಾಗಿಸುವುದು ನನ್ನ ಕಸುಬು. ಈ ವಾದಗಳಲ್ಲಿ ನಾನೂ ಒಂದೊಂದು ಕಾಲದಲ್ಲಿ ಒಂದೊಂದು ಕಡೆ ನಿಂತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಇಂಥ ಚರ್ಚೆಗಳಲ್ಲಿ ಕೇಳಿಬರುವ ‘ಫಾಕ್ಸ್‌ಪ್ರೊ ಸತ್ತುಹೋಗಿದೆ’ ಎಂಬ ಮಾತಿನಿಂದ ಆರಂಭಿಸೋಣ. ಮೈಕ್ರೋಸಾಫ್ಟ್ ವಿಷುವಲ್ ಫಾಕ್ಸ್‌ಪ್ರೊ 9 ಅನ್ನು 2004ರ ಕೊನೆಯಲ್ಲಿ ಬಿಡುಗಡೆ ಮಾಡಿತು. ಮುಂದಿನ ಆವೃತ್ತಿ ಇರುವುದಿಲ್ಲವೆಂದು 2007ರಲ್ಲಿ ಹೇಳಿತು. 2015ರ ಜನವರಿಯಲ್ಲಿ ಬೆಂಬಲವನ್ನು ಪೂರ್ತಿ ನಿಲ್ಲಿಸಿತು. ಬೆಂಬಲ ನಿಂತಿತೆಂದರೆ ತಂತ್ರಾಂಶ ನಿಂತಿತೆಂದು ಅರ್ಥವಲ್ಲ. ಅದು 32 ಬಿಟ್ ಪ್ರೋಗ್ರಾಂ, ಅಂಥವನ್ನು ಓಡಿಸುವ ವ್ಯವಸ್ಥೆ 64 ಬಿಟ್ ವಿಂಡೋಸಿನಲ್ಲೂ ಇರುವುದರಿಂದ ಇಂದಿನ ವಿಂಡೋಸ್ 11ರಲ್ಲಿಯೂ ಓಡುತ್ತದೆ. ‘ಒಂದು ಕಡತ 2 ಜಿಬಿ ದಾಟಿದರೆ ಎಲ್ಲ ಕುಸಿಯುತ್ತದೆ’ ಎಂದು ಕಂಪನಿಯವರು ನಿಮ್ಮನ್ನು ಹೆದರಿಸಿರಬಹುದು. ಆ ಮಿತಿ ನಿಜ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: ಪಿಗ್ಮಿ ಸೇರಿ ದಿನಕ್ಕೆ 1,500 ನಮೂದು, ಒಂದು ನಮೂದಿಗೆ 100 ಬೈಟ್, ವರ್ಷಕ್ಕೆ 300 ಕೆಲಸದ ದಿನ ಎಂದು ಹಿಡಿದರೆ ವರ್ಷಕ್ಕೆ ನಾಲ್ಕೂವರೆ ಕೋಟಿ ಬೈಟ್ ಆಗುತ್ತದೆ. ಆ ವೇಗದಲ್ಲಿ 2 ಜಿಬಿ ತುಂಬಲು ನಲವತ್ತೇಳು ವರ್ಷ ಬೇಕು.

ಹಾಗೆಂದು ‘ಮುಟ್ಟಬೇಡಿ’ ಎಂಬ ಸಲಹೆಯನ್ನೂ ಇದ್ದಂತೆ ಒಪ್ಪಲಾಗದು, ಏಕೆಂದರೆ ನಿಮಗಿರುವ ಅಪಾಯ ವೇಗದಲ್ಲೂ ಇಲ್ಲ, ಗಾತ್ರದಲ್ಲೂ ಇಲ್ಲ, ಯಾರೂ ಮಾತನಾಡದ ಇನ್ನೊಂದು ಕಡೆ ಇದೆ. ಈ ಮಾದರಿಯ ತಂತ್ರಾಂಶದಲ್ಲಿ ದತ್ತಾಂಶವನ್ನು ಕಾಯುವ ಪ್ರತ್ಯೇಕ ಕಾವಲುಗಾರ ಇರುವುದಿಲ್ಲ. ಸರ್ವರಿನ ಹಂಚಿಕೆಯ ಫೋಲ್ಡರಿನಲ್ಲಿ, ಲೆಕ್ಕವೆಲ್ಲ ಇರುವ ಡಿಬಿಎಫ್ ಎಂಬ ಕಡತಗಳು ಹಾಗೆಯೇ ಕೂತಿರುತ್ತವೆ. ಕೌಂಟರಿನ ಪ್ರತಿ ಕಂಪ್ಯೂಟರಿಗೂ ಅವುಗಳನ್ನು ನೇರವಾಗಿ ಬರೆಯುವ ಅನುಮತಿ ಇರಲೇಬೇಕು. ಅಂದರೆ ಸಿಬ್ಬಂದಿಯಲ್ಲಿ ಯಾರಾದರೂ ಒಂದು ಪೆನ್‌ಡ್ರೈವಿನಲ್ಲಿ ಇಡೀ ಸಂಘದ ಲೆಡ್ಜರನ್ನು ಮನೆಗೆ ಒಯ್ಯಬಹುದು. ಫಾಕ್ಸ್‌ಪ್ರೊ ಗೊತ್ತಿರುವವರು ತಂತ್ರಾಂಶದ ಪಾಸ್‌ವರ್ಡನ್ನು ಕೇಳದೆಯೇ ಕಡತವನ್ನು ತೆರೆದು ಒಂದು ಖಾತೆಯ ಬಾಕಿಯನ್ನು ತಿದ್ದಬಹುದು, ತಿದ್ದಿದ್ದಕ್ಕೆ ಗುರುತೇ ಉಳಿಯುವುದಿಲ್ಲ. ನಿಮ್ಮ ಸಿಬ್ಬಂದಿಯ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಲೆಕ್ಕಪರಿಶೋಧಕರು ಕೇಳಿದಾಗ ‘ಹೀಗೆ ಆಗಿಲ್ಲ’ ಎಂದು ತೋರಿಸಲು ನಿಮ್ಮ ಬಳಿ ಸಾಕ್ಷಿ ಇರುವುದಿಲ್ಲ, ಅಷ್ಟೆ. ಇನ್ನು ಮಳೆಗಾಲದಲ್ಲಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ನಮೂದಿನ ಮಧ್ಯೆ ಕಂಪ್ಯೂಟರ್ ಆರಿದಾಗ ‘ಇಂಡೆಕ್ಸ್ ಹೋಗಿದೆ’, ಅಂದರೆ ನಮೂದು ಹುಡುಕುವ ಸೂಚಿ ಕೆಟ್ಟಿದೆ, ಎಂದು ಗುಮಾಸ್ತರು ಹೇಳುವುದನ್ನು ನೀವು ಕೇಳಿಯೇ ಇರುತ್ತೀರಿ. ಅರ್ಧ ಬರೆದ ವಹಿವಾಟನ್ನು ತಾನಾಗಿ ಹಿಂದಕ್ಕೆ ಪಡೆಯುವ ವ್ಯವಸ್ಥೆ ಇಂದಿನ ಡೇಟಾಬೇಸುಗಳಲ್ಲಿ ಸಾಮಾನ್ಯ. ನಿಮ್ಮಲ್ಲಿ ಆ ಕೆಲಸವನ್ನು ರಾತ್ರಿ ಕೂತು ರೋಜು ಕಿರ್ದಿ ತಾಳೆ ನೋಡುವ ಮನುಷ್ಯರು ಮಾಡುತ್ತಿದ್ದಾರೆ.

ಮೂಲೆಯ ಎಕ್ಸ್‌ಪಿ ಕಂಪ್ಯೂಟರಿನ ಕಥೆ ಬೇರೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲಿನಲ್ಲಿ. 64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸುವುದಿಲ್ಲ, ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಆದ್ದರಿಂದ ಆ ಯಂತ್ರ ನಿಂತ ದಿನ ಅಂಗಡಿಯಿಂದ ಹೊಸ ಕಂಪ್ಯೂಟರ್ ತಂದು ಕೆಲಸ ಮುಂದುವರಿಸಲು ಆಗದು. ಆ ಯಂತ್ರದ ಡಿಸ್ಕನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಿ, ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಯಂತ್ರವಾಗಿ, ಅಂದರೆ ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರಾಗಿ ಓಡಿಸುವ ದಾರಿ ಇದೆ. ಬಲ್ಲವರಿಗೆ ಒಂದು ದಿನದ ಕೆಲಸ.

ಈಗ ಅಧ್ಯಕ್ಷರ ಮಗಳ ಸಲಹೆಗೆ ಬರುತ್ತೇನೆ. ಅದರಲ್ಲಿ ಎರಡು ಸಲಹೆಗಳು ಬೆರೆತಿವೆ: ಪೂರ್ತಿ ಕಿತ್ತು ಹೊಸದಾಗಿ ಬರೆಯುವುದು ಒಂದು, ಮೈಕ್ರೋಸರ್ವೀಸ್ ಇನ್ನೊಂದು.

ಹೊಸದಾಗಿ ಬರೆಯುವ ಆಸೆ ಪ್ರತಿ ಪ್ರೋಗ್ರಾಮರನಿಗೂ ಇರುತ್ತದೆ, ಅದಕ್ಕೆ ಕಾರಣವೂ ಸರಳ: ಬೇರೆಯವರ ಕೋಡನ್ನು ಓದಿ ಅರ್ಥಮಾಡಿಕೊಳ್ಳುವುದು ತಾನೇ ಬರೆಯುವುದಕ್ಕಿಂತ ಕಷ್ಟ. ಓದಲು ಆಗದ್ದು ಕೊಳಕಾಗಿ ಕಾಣುತ್ತದೆ. ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ತನ್ನ ಬ್ರೌಸರಿನ ಹಳೆಯ ಕೋಡನ್ನು ಬದಿಗಿಟ್ಟು ಹೊಸದಾಗಿ ಕಟ್ಟಲು ಹೊರಟಿತು. 4ರ ನಂತರ 5 ಬರಲೇ ಇಲ್ಲ, 6 ಹೊರಬಂದದ್ದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ಮಾರುಕಟ್ಟೆ ಮೈಕ್ರೋಸಾಫ್ಟಿನ ಕೈಸೇರಿತ್ತು. ನ್ಯಾಯವಾಗಿ ಇದರ ಮುಂದಿನ ಭಾಗವನ್ನೂ ಹೇಳಬೇಕು: ಹಾಗೆ ಹೊಸದಾಗಿ ಬರೆದ ಕೋಡಿನಿಂದಲೇ 2004ರಲ್ಲಿ ಫೈರ್‌ಫಾಕ್ಸ್ ಬಂತು. ಮರುಬರಹ ವ್ಯರ್ಥವಾಗಲಿಲ್ಲ, ಆದರೆ ಅದನ್ನು ಆರಂಭಿಸಿದವರಿಗೆ ಫಲ ಸಿಗಲಿಲ್ಲ. ಈ ಒಂದು ಪ್ರಸಂಗವನ್ನೇ ಹಿಡಿದು ನಮ್ಮ ಕಸುಬಿನವರು ಎರಡೂ ಪಕ್ಷಕ್ಕೆ ವಾದ ಮಾಡುತ್ತಾರೆ.

ನಿಮ್ಮ ಕೋಡಿನಲ್ಲಿ ಏನು ಅಡಗಿದೆ ಎಂಬುದು ನಿಮಗೆ ಹೆಚ್ಚು ಮುಖ್ಯ. ಕೆಲವು ವರ್ಷಗಳ ಹಿಂದೆ ಅಡಿಕೆ ಸೀಮೆಯ ಒಂದು ಸಂಘದ ಸಾಲದ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುತ್ತಿದ್ದೆವು. ಹಳೆಯದು, ಹೊಸದು ಎರಡರಲ್ಲೂ ಬಡ್ಡಿ ತೆಗೆದು ಎದುರು ಬದುರು ಇಟ್ಟಾಗ ಉಳಿದೆಲ್ಲವೂ ತಾಳೆಯಾಗಿ, ಮೂವತ್ತೇಳು ಖಾತೆಗಳ ಸುಸ್ತಿ ಬಡ್ಡಿ ಮಾತ್ರ ಹೊಂದಲಿಲ್ಲ. ಹುಡುಕುತ್ತ ಹೋದರೆ ಹಳೆಯ ಕೋಡಿನಲ್ಲಿ ಒಂದೇ ಒಂದು ಸಾಲು: ಸಾಲದ ಉದ್ದೇಶದ ಸಂಖ್ಯೆ 7 ಆಗಿದ್ದು, ಸಾಲ ಕೊಟ್ಟ ದಿನಾಂಕ ಇಂತಿಷ್ಟರ ನಡುವೆ ಇದ್ದರೆ ಸುಸ್ತಿ ಬಡ್ಡಿ ಸೊನ್ನೆ. ಪಕ್ಕದಲ್ಲಿ ವಿವರಣೆ ಏನೂ ಇರಲಿಲ್ಲ. ತಂಡದ ಹುಡುಗನೊಬ್ಬ ಇದು ತಪ್ಪೆಂದು ಅಳಿಸಲು ಹೊರಟಿದ್ದ. ನಿವೃತ್ತ ಕಾರ್ಯದರ್ಶಿಗಳನ್ನು ಕರೆಸಿ, ಕಪಾಟಿನ ಮೇಲಿನ ಅಂತಸ್ತಿನಿಂದ ಠರಾವು ಪುಸ್ತಕ ಇಳಿಸಿ ನೋಡಿದಾಗ ಗೊತ್ತಾಯಿತು: ಕೊಳೆರೋಗದಿಂದ ತೋಟ ಬರಿದಾದ ವರ್ಷ, ಮೈಲುತುತ್ತ ಮತ್ತು ಸುಣ್ಣಕ್ಕೆಂದು ಸಾಲ ಪಡೆದವರಿಗೆ ಸುಸ್ತಿ ಬಡ್ಡಿ ಹಾಕಬಾರದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಸಂಘ ತನ್ನ ಸದಸ್ಯರಿಗೆ ಕೊಟ್ಟ ಮಾತು ಆ ಠರಾವಿನಲ್ಲಿ ಮತ್ತು ಈ ಒಂದು ಸಾಲಿನಲ್ಲಿ ಮಾತ್ರ ಉಳಿದಿತ್ತು, ಠರಾವು ಯಾರಿಗೂ ನೆನಪಿರಲಿಲ್ಲ. ನಿಮ್ಮ ತಂತ್ರಾಂಶದಲ್ಲಿಯೂ ಇಂಥ ಸಾಲುಗಳು ಖಂಡಿತ ಇರುತ್ತವೆ. ನೀವು ಬೆಲೆ ಕಟ್ಟಬೇಕಾದದ್ದು ಈ ಸಾಲುಗಳಿಗೆ; ಫಾಕ್ಸ್‌ಪ್ರೊ ಅವುಗಳನ್ನು ಹೊತ್ತ ಹಳೆಯ ಗೋಣಿಚೀಲ.

ಇದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸಗಳೂ ಇವೆ. ಹನ್ನೆರಡೂವರೆ ರೂಪಾಯಿ ಬಡ್ಡಿಯನ್ನು ಪೂರ್ಣ ರೂಪಾಯಿಗೆ ತಂದರೆ ಫಾಕ್ಸ್‌ಪ್ರೊ 13 ಎನ್ನುತ್ತದೆ, ನಮ್ಮ ಶಾಲೆಯ ಲೆಕ್ಕವೂ ಹಾಗೆಯೇ. ಇಂದು ಪ್ರೋಗ್ರಾಂ ಬರೆಯಲು ಬಳಸುವ ಪೈಥಾನ್ ಮತ್ತು ಸಿ ಶಾರ್ಪ್ ಭಾಷೆಗಳ ಸಿದ್ಧ ಸೂತ್ರ ಅದನ್ನು 12 ಮಾಡುತ್ತದೆ, ಹದಿಮೂರೂವರೆಯನ್ನು ಮಾತ್ರ 14 ಮಾಡುತ್ತದೆ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೊಂದಿಸುವುದು ಅವುಗಳ ಕ್ರಮ. ಎರಡೂ ತಪ್ಪಲ್ಲ. ಆದರೆ ಠೇವಣಿದಾರರೊಬ್ಬರು ಪಾಸ್‌ಬುಕ್ ಹಿಡಿದು ಒಂದು ರೂಪಾಯಿ ಏಕೆ ಕಡಿಮೆ ಎಂದು ಕೌಂಟರಿನಲ್ಲಿ ಕೇಳಿದಾಗ ಈ ವಿವರಣೆ ಕೊಡಲು ನಿಮ್ಮ ಗುಮಾಸ್ತರಿಂದ ಆದೀತೆ? ಹೀಗೆ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಸೂತ್ರವನ್ನು ಬದಲಿಸುವುದು ಐದು ನಿಮಿಷದ ಕೆಲಸ.

ಮೈಕ್ರೋಸರ್ವೀಸ್ ಎಂದರೆ ಒಂದು ದೊಡ್ಡ ತಂತ್ರಾಂಶವನ್ನು ಹಲವು ಸಣ್ಣ ತಂತ್ರಾಂಶಗಳಾಗಿ ಒಡೆದು, ಅವು ಪರಸ್ಪರ ಜಾಲದ ಮೂಲಕ ಮಾತನಾಡುವಂತೆ ಮಾಡುವುದು. ಈ ಹೆಸರು 2014ರ ಹೊತ್ತಿಗೆ ಎಲ್ಲೆಡೆ ಕೇಳಿಬಂತು. ಅದು ಬಿಡಿಸುವ ತೊಡಕು ಮುಖ್ಯವಾಗಿ ಮನುಷ್ಯರದು: ಐವತ್ತು ತಂಡಗಳಿದ್ದರೆ ಪ್ರತಿ ತಂಡವೂ ಉಳಿದವರ ಅಪ್ಪಣೆಗೆ ಕಾಯದೆ ತನ್ನ ಭಾಗವನ್ನು ಬದಲಾಯಿಸಿಕೊಳ್ಳಬಹುದು. ಸಂಸ್ಥೆಯ ಜನ ಪರಸ್ಪರ ಹೇಗೆ ಮಾತನಾಡುತ್ತಾರೋ ಅವರು ಕಟ್ಟುವ ತಂತ್ರಾಂಶವೂ ಅದೇ ಆಕಾರ ತಳೆಯುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ನಿಮ್ಮದು ಹನ್ನೊಂದು ಜನರ ಸಂಸ್ಥೆ, ತಂತ್ರಾಂಶ ನೋಡಿಕೊಳ್ಳುವವರು ಹೆಚ್ಚೆಂದರೆ ಇಬ್ಬರು. ಅವರಿಗೆ ಹದಿನೈದು ತುಂಡುಗಳನ್ನು ಕೊಟ್ಟರೆ ಯಾವ ತುಂಡು ಎಲ್ಲಿ ನಿಂತಿತೆಂದು ಹುಡುಕುವುದರಲ್ಲೇ ದಿನ ಹೋಗುತ್ತದೆ. ಒಂದೇ ಡೇಟಾಬೇಸಿನಲ್ಲಿ ಒಬ್ಬರ ಖಾತೆಗೆ ಖರ್ಚು, ಇನ್ನೊಬ್ಬರ ಖಾತೆಗೆ ಜಮಾ ಎರಡೂ ಒಟ್ಟಿಗೇ ಆಗುವಂತೆ ಅಥವಾ ಎರಡೂ ಆಗದಂತೆ ಮಾಡುವುದು ಸುಲಭ. ಅವೆರಡೂ ಬೇರೆ ಬೇರೆ ತುಂಡುಗಳಲ್ಲಿದ್ದರೆ ಅದೇ ಕೆಲಸ ಪರಿಣತರಿಗೂ ಬೆವರು ಇಳಿಸುತ್ತದೆ. ದೊಡ್ಡವರೂ ಹಿಂದೆ ಸರಿದ ಉದಾಹರಣೆ ಇದೆ: ಅಮೆಜಾನಿನ ಪ್ರೈಮ್ ವಿಡಿಯೊ ತಂಡ ತನ್ನ ವಿಡಿಯೊ ಗುಣಮಟ್ಟ ಪರಿಶೀಲಿಸುವ ವ್ಯವಸ್ಥೆಯನ್ನು ಹಲವು ತುಂಡುಗಳಿಂದ ಒಂದೇ ತಂತ್ರಾಂಶವಾಗಿ ಕೂಡಿಸಿದಾಗ ಅದರ ವೆಚ್ಚ ಶೇಕಡಾ 90ಕ್ಕೂ ಹೆಚ್ಚು ಇಳಿಯಿತೆಂದು 2023ರಲ್ಲಿ ಪ್ರಕಟಿಸಿತು. ಆ ತಂಡಕ್ಕೆ ತುಂಡು ಮಾಡುವುದು ಗೊತ್ತಿಲ್ಲದೆ ಹೀಗಾಯಿತೆಂದು ಯಾರೂ ಹೇಳಲಾರರು. ಅಧ್ಯಕ್ಷರ ಮಗಳಿಗೆ ಇದನ್ನು ತೋರಿಸಿ. ಅವರು ವಾದ ಮಾಡಿದರೆ ಮಾಡಲಿ, ಒಳ್ಳೆಯ ಎಂಜಿನಿಯರುಗಳು ಹಾಗೆಯೇ. ಆದರೆ ‘ಇದನ್ನು ಐದು ವರ್ಷದ ನಂತರ ನಮ್ಮೂರಿನಲ್ಲಿ ಕೂತು ಯಾರು ನೋಡಿಕೊಳ್ಳುತ್ತಾರೆ’ ಎಂದು ಕೇಳಲು ಮರೆಯಬೇಡಿ.

ಎಐ ಕುರಿತ ನಿರ್ದೇಶಕರ ಮಾತನ್ನು ನಗೆಯಾಡಿ ತಳ್ಳಿಹಾಕುವವರಲ್ಲಿ ನಾನಿಲ್ಲ. ನಾನೇ ದಿನವೂ ಬಳಸುತ್ತೇನೆ. ಆದರೆ ಬಳಸುವವರಿಗೆ ತಮ್ಮ ವೇಗದ ಬಗ್ಗೆ ಇರುವ ಅಂದಾಜು ಎಷ್ಟು ತಪ್ಪಬಹುದೆಂದು ತೋರಿಸುವ ಒಂದು ಪ್ರಯೋಗವಿದೆ. ಮೀಟರ್ ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಅನುಭವಿ ಪ್ರೋಗ್ರಾಮರುಗಳು ತಮಗೆ ಚೆನ್ನಾಗಿ ಪರಿಚಯವಿದ್ದ ದೊಡ್ಡ ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದರು. ಎಐ ನೆರವಿನಿಂದ ಶೇಕಡಾ 24ರಷ್ಟು ಸಮಯ ಉಳಿಯುತ್ತದೆ ಎಂದು ಅವರು ಮೊದಲು ಅಂದಾಜಿಸಿದ್ದರು. ಮುಗಿದ ಮೇಲೆ ಶೇಕಡಾ 20ರಷ್ಟು ಉಳಿಯಿತು ಎಂದುಕೊಂಡರು. ಗಡಿಯಾರ ನೋಡಿದರೆ ಶೇಕಡಾ 19ರಷ್ಟು ಹೆಚ್ಚೇ ಹಿಡಿದಿತ್ತು. ಅದು 2025ರ ಆರಂಭದ ಸಾಧನಗಳ ಮಾತು, ಸಾಧನಗಳು ಆಮೇಲೆ ಸುಧಾರಿಸಿವೆ, ಪರಿಚಯವಿಲ್ಲದ ಹೊಸ ಕೆಲಸದಲ್ಲಿ ಲೆಕ್ಕ ಬೇರೆಯೇ ಬರಬಹುದು. ಆದರೂ ನಿಮ್ಮ ಸಭೆಯಲ್ಲಿ ‘ಒಂದು ತಿಂಗಳು’ ಎಂಬ ಸಂಖ್ಯೆ ಬಂದಾಗ ಈ ಪ್ರಯೋಗ ನೆನಪಿರಲಿ.

ನಿಮ್ಮ ಸಂದರ್ಭದಲ್ಲಿ ಎಐ ನಿಜವಾಗಿ ಉಪಯೋಗಕ್ಕೆ ಬರುವುದು ಬರೆಯುವುದಕ್ಕಿಂತ ಓದುವುದಕ್ಕೆ. ಹಳೆಯ ಫಾಕ್ಸ್‌ಪ್ರೊ ಕೋಡನ್ನು ಕೊಟ್ಟು ‘ಬಡ್ಡಿ ಲೆಕ್ಕ ಹಾಕುವ ಪ್ರತಿ ನಿಯಮವನ್ನೂ ಸಾದಾ ಮಾತಿನಲ್ಲಿ ಬರೆ, ವಿಚಿತ್ರವೆನಿಸುವ ಸಾಲುಗಳನ್ನು ಬೇರೆ ತೋರಿಸು’ ಎಂದರೆ ಒಳ್ಳೆಯ ಪಟ್ಟಿ ಸಿಗುತ್ತದೆ. ಮೇಲೆ ಹೇಳಿದ ಉದ್ದೇಶ 7ರ ಸಾಲನ್ನು ಅದು ಹುಡುಕಿಕೊಡಬಲ್ಲದು; ಅದರ ಹಿಂದಿನ ಕೊಳೆರೋಗದ ಕಥೆ ಕೋಡಿನಲ್ಲೆಲ್ಲೂ ಇಲ್ಲದ ಕಾರಣ ಅದನ್ನು ಹೇಳಲಾರದು. ಒಂದು ಎಚ್ಚರಿಕೆ: ಕೋಡನ್ನು ಕೊಡಿ, ಸದಸ್ಯರ ದತ್ತಾಂಶವನ್ನು ಕೊಡಬೇಡಿ. ಆಧಾರ್ ಸಂಖ್ಯೆ, ಸಾಲದ ಬಾಕಿ, ಜಾಮೀನುದಾರರ ಹೆಸರು ಇರುವ ಕಡತವನ್ನು ಯಾರೋ ಒಬ್ಬರು ಫೋನಿನಲ್ಲಿ ಎಐಗೆ ಏರಿಸಿದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಉತ್ತರಿಸಬೇಕಾದದ್ದು ಸಂಘವೇ.

ಬಾಡಿಗೆ ತಂತ್ರಾಂಶದ ವಿಚಾರದಲ್ಲಿ ಮೊದಲು ಒಂದು ಗೊಂದಲ ನಿವಾರಿಸುತ್ತೇನೆ, ಏಕೆಂದರೆ ಮಹಾಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಂದ್ರ ಸರ್ಕಾರ 2022ರ ಜೂನಿನಲ್ಲಿ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು, ಒಂದೇ ಸಾಮಾನ್ಯ ತಂತ್ರಾಂಶವೂ ಅದರಲ್ಲಿದೆ. ಅದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ. ನಿಮ್ಮದು 1997ರ ಸೌಹಾರ್ದ ಕಾಯ್ದೆಯಡಿ ನೋಂದಾಯಿತವಾದದ್ದು. ಆ ಯೋಜನೆಗೆ ಕಾದು ಕೂರಬೇಡಿ.

ಸಿದ್ಧ ತಂತ್ರಾಂಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಿಮ್ಮ ಗಾತ್ರದ ಬಹಳಷ್ಟು ಸಂಘಗಳಿಗೆ ಕೊನೆಗೆ ಸರಿಹೊಂದುವುದು ಅದೇ. ಬೇರೆ ಸಂಘಗಳು ಈಗಾಗಲೇ ಎಡವಿ ಕಲಿತ ಪಾಠಗಳು ಅದರಲ್ಲಿ ಸೇರಿರುತ್ತವೆ, ನಿಯಮ ಬದಲಾದಾಗ ತಿದ್ದುವ ಹೊಣೆ ಕಂಪನಿಯದು. ಅಪಾಯ ಇರುವುದು ಹೊರಬರುವ ದಾರಿಯಲ್ಲಿ. ಒಂದು ಸಂಘ ಐದು ವರ್ಷದ ನಂತರ ಬಾಡಿಗೆ ಹೆಚ್ಚಾಯಿತೆಂದು ಬಿಡಲು ಹೊರಟಾಗ, ಅದರ ಕೈಗೆ ಬಂದದ್ದು ಸಾವಿರಾರು ಪುಟಗಳ ಪಿಡಿಎಫ್. ದತ್ತಾಂಶ ಕೊಟ್ಟಿದ್ದೇವೆ ಎಂದು ಕಂಪನಿ ವಾದಿಸಿತು, ಒಪ್ಪಂದದಲ್ಲಿ ಯಾವ ರೂಪದಲ್ಲಿ ಎಂದು ಬರೆದಿರಲಿಲ್ಲ. ಆದ್ದರಿಂದ ಸಹಿ ಮಾಡುವ ಮುನ್ನವೇ ಒಂದು ಪರೀಕ್ಷೆ ಮಾಡಿ: ಇಪ್ಪತ್ತು ನಕಲಿ ಖಾತೆ ತೆರೆಸಿ, ಒಂದು ವಾರದ ವಹಿವಾಟು ಹಾಕಿಸಿ, ಅದೆಲ್ಲವನ್ನೂ ಕೋಷ್ಟಕದ ಕಡತಗಳಾಗಿ ಹೊರತೆಗೆದು ಕೊಡಲು ಹೇಳಿ. ಮೂರು ದಿನದಲ್ಲಿ ಕೊಟ್ಟರೆ ಮಾತು ಮುಂದುವರಿಸಿ. ಪ್ರತಿ ತಿಂಗಳೂ ಹೀಗೆಯೇ ಪೂರ್ತಿ ಪ್ರತಿ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿ.

‘ಕ್ಲೌಡ್‌ನಲ್ಲಿದ್ದರೆ ಸುರಕ್ಷಿತ’ ಎಂಬ ಮಾತನ್ನೂ ಅಳತೆ ಮಾಡಿಯೇ ನಂಬಿ. ಅಲ್ಲಿ ಯಂತ್ರ ಕೆಡುವ, ಕಳುವಾಗುವ ಭಯ ಕಡಿಮೆ, ನಿಜ. ಆದರೆ 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದೇ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ತಂತ್ರಾಂಶ) ದಾಳಿಯಾದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಎಲ್ಲರ ಅಕ್ಕಿಯೂ ಒಂದೇ ಕಣಜದಲ್ಲಿದ್ದರೆ ಇಲಿ ಹೊಕ್ಕ ದಿನ ಊರಿಗೆಲ್ಲ ಉಪವಾಸ.

ಯಾವ ದಾರಿ ಹಿಡಿದರೂ ತಪ್ಪಿಸಲಾಗದ ಒಂದು ಕೆಲಸವಿದೆ, ನಿಮಗೆ ಸಲಹೆ ಕೊಟ್ಟ ನಾಲ್ವರೂ ಅದನ್ನು ಹೇಳಿಲ್ಲ: ಹೆಸರುಗಳ ಪರಿವರ್ತನೆ. ನುಡಿಯ ಹಳೆಯ ಅಕ್ಷರಗಳಲ್ಲಿ ಕಂಪ್ಯೂಟರು ಕನ್ನಡದ ಅಕ್ಷರವನ್ನು ಅಕ್ಷರವಾಗಿ ಇಟ್ಟಿರುವುದಿಲ್ಲ, ಕಣ್ಣಿಗೆ ಕಾಣುವ ಆಕಾರದ ತುಣುಕುಗಳಾಗಿ ಇಟ್ಟಿರುತ್ತದೆ. ‘ಯ’ ಒಂದೇ ಅಕ್ಷರ ನಾಲ್ಕು ತುಣುಕಾಗಿರುತ್ತದೆ, ಅದರ ಮೊದಲ ತುಣುಕು ಅನುಸ್ವಾರದ ಸೊನ್ನೆಗೆ ಬಳಸುವ ಸಂಕೇತವೇ. ಇವನ್ನು ಯೂನಿಕೋಡಿಗೆ, ಅಂದರೆ ಇಂದಿನ ಕಂಪ್ಯೂಟರು ಮತ್ತು ಫೋನುಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಗೆ, ತರುವ ಸಾಧನ ಅಜಾಗರೂಕವಾಗಿದ್ದರೆ ‘ಯ’ ಇದ್ದಲ್ಲೆಲ್ಲ ಸೊನ್ನೆ ಮತ್ತು ಕಸ ಕೂರುತ್ತದೆ. ‘ಸೂರ್ಯ’ದ ಅರ್ಕಾವತ್ತು ನುಡಿಯಲ್ಲಿ ‘ಯ’ದ ನಂತರ ಬಂದರೆ, ಯೂನಿಕೋಡಿನಲ್ಲಿ ‘ರ’ ಮೊದಲೇ ಬರಬೇಕು. ನಾನು ಕಂಡ ಅತಿ ವಿಚಿತ್ರ ತಪ್ಪು ಹೆಸರಿನ ಕಾಲಮ್ಮಿನ ಉದ್ದದಿಂದ ಆದದ್ದು. ನುಡಿಯಲ್ಲಿ ‘ಮ’ ಎಂದರೆ ‘ವ’ಕ್ಕೆ ಕೊನೆಯಲ್ಲಿ ಒಂದು ಕೊಂಬಿನ ತುಣುಕು ಸೇರಿಸಿದ್ದು. ಕಾಲಮ್ಮಿನಲ್ಲಿ ಜಾಗ ಮುಗಿದು ಆ ಕೊನೆಯ ತುಣುಕು ಬಿದ್ದುಹೋದರೆ ‘ರಾಮ’ ಹೋಗಿ ‘ರಾವ’ ಆಗುತ್ತದೆ. ಉದ್ದದ ಹೆಸರಿನ ಕೊನೆಗೆ ರಾಮ ಇದ್ದ ಸದಸ್ಯರೊಬ್ಬರು ವರ್ಷಗಟ್ಟಲೆ ಸಂಘದ ಪಟ್ಟಿಯಲ್ಲಿ ರಾವರಾಗಿಯೇ ಇದ್ದರು, ಗುಮಾಸ್ತರು ಮುಖ ನೋಡಿ ಸರಿಯಾಗಿಯೇ ಕರೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆಧಾರಿನ ಜೊತೆ ಹೆಸರು ಹೊಂದಿಸುವ ದಿನ ಗೊತ್ತಾಯಿತು. ಆರು ಸಾವಿರ ಹೆಸರುಗಳನ್ನು ಯಂತ್ರ ಪರಿವರ್ತಿಸಲಿ, ಆದರೆ ಪಟ್ಟಿಯನ್ನು ಮುದ್ರಿಸಿ ಆಯಾ ಶಾಖೆಯ ಹಳೆಯ ಗುಮಾಸ್ತರು ಮತ್ತು ಪಿಗ್ಮಿ ಸಂಗ್ರಾಹಕರಿಂದ ಓದಿಸಿ. ಸದಸ್ಯರನ್ನು ಮನೆಹೆಸರಿನ ಸಮೇತ ಬಲ್ಲವರು ಅವರೇ.

ಇಷ್ಟೆಲ್ಲ ಹೇಳಿ ನನ್ನ ಸಲಹೆಯನ್ನು ಮುಚ್ಚಿಡುವುದು ಸರಿಯಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಬದಲಾಯಿಸುತ್ತಿದ್ದೆ, ಆದರೆ ಒಂದೇ ರಾತ್ರಿಯಲ್ಲಿ ಬದಲಾಯಿಸುತ್ತಿರಲಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಎಲ್ಲ ಗ್ರಾಹಕರನ್ನು ಒಟ್ಟಿಗೆ ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶ ಸರಿಯಾಗಿಯೇ ಬಂತು, ವ್ಯವಸ್ಥೆ ಮಾತ್ರ ಹೊರೆ ತಾಳಲಿಲ್ಲ. ಹತ್ತೊಂಬತ್ತು ಲಕ್ಷ ಜನ ತಮ್ಮ ಖಾತೆ ತೆರೆಯಲಾಗದೆ ಕೂತರು, ಎಲ್ಲವೂ ಮೊದಲಿನಂತಾಗಲು ಡಿಸೆಂಬರ್ ಬಂತು, 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಬಿತ್ತು. ಅವರಲ್ಲಿ ಹಣಕ್ಕೂ ಪರಿಣತರಿಗೂ ಕೊರತೆ ಇರಲಿಲ್ಲ, ಹಿಂದಕ್ಕೆ ಬರುವ ದಾರಿ ಇರಲಿಲ್ಲ.

ತಾಳೆಮರದ ಮೇಲೆ ಹಕ್ಕಿ ಬೀಳಿಸಿದ ಆಲದ ಬೀಜ ಮೊಳೆತು, ಬೇರು ಇಳಿಬಿಟ್ಟು, ನೆಲ ಹಿಡಿದ ಮೇಲಷ್ಟೇ ತಾಳೆಯ ಜಾಗ ತೆಗೆದುಕೊಳ್ಳುವುದನ್ನು ನೀವು ನೋಡಿರುತ್ತೀರಿ. ಅಲ್ಲಿಯವರೆಗೆ ತಾಳೆ ನಿಂತೇ ಇರುತ್ತದೆ. ನಮ್ಮ ಕಸುಬಿನಲ್ಲಿ ‘ಸ್ಟ್ರ್ಯಾಂಗ್ಲರ್ ಫಿಗ್’ ಎಂಬ ಒಂದು ಪದ್ಧತಿ ಇದೆ, ತಂತ್ರಾಂಶ ಕುರಿತ ಪುಸ್ತಕಗಳ ಲೇಖಕ ಮಾರ್ಟಿನ್ ಫೌಲರ್ ಆಸ್ಟ್ರೇಲಿಯಾದ ಕಾಡಿನಲ್ಲಿ ಇಂಥದ್ದೇ ಮರ ನೋಡಿ ಇಟ್ಟ ಹೆಸರು. ನಿಮ್ಮಲ್ಲಿ ಅದನ್ನು ಹೀಗೆ ಮಾಡಬಹುದು. ಮೊದಲು ಪ್ರತಿ ರಾತ್ರಿ ಎಲ್ಲ ಡಿಬಿಎಫ್ ಕಡತಗಳನ್ನು ಪೋಸ್ಟ್‌ಗ್ರೆಸ್‌ನಂಥ ಒಂದು ಡೇಟಾಬೇಸಿಗೆ ನಕಲಿಸುವ ವ್ಯವಸ್ಥೆ. ಪೋಸ್ಟ್‌ಗ್ರೆಸ್ ಉಚಿತವಾಗಿ ಸಿಗುತ್ತದೆ, ಹಳೆಯ ತಂತ್ರಾಂಶಕ್ಕೆ ಏನೂ ತೊಂದರೆ ಇಲ್ಲ, ಸುಸ್ತಿದಾರರ ಪಟ್ಟಿಯಂಥ ವರದಿಗಳನ್ನು ಅಲ್ಲಿಂದಲೇ ತೆಗೆಯಬಹುದು. ಎರಡನೆಯದಾಗಿ ಷೇರು ಮತ್ತು ಡಿವಿಡೆಂಡ್. ಮೂಲೆಯ ಯಂತ್ರದಲ್ಲಿರುವ ಅದೇ ಭಾಗ ಅತಿ ದುರ್ಬಲವಾದದ್ದು, ವರ್ಷಕ್ಕೊಮ್ಮೆ ಮಾತ್ರ ಜೋರಾಗಿ ಓಡುವುದರಿಂದ ತಪ್ಪು ತಿದ್ದಲು ಸಮಯವೂ ಸಿಗುತ್ತದೆ. ಆಮೇಲೆ ಠೇವಣಿ, ಪಿಗ್ಮಿ. ಸಾಲ ಕಟ್ಟಕಡೆಗೆ, ಏಕೆಂದರೆ ಠರಾವಿನ ಸಾಲುಗಳು ಹೆಚ್ಚು ಅಡಗಿರುವುದು ಅಲ್ಲಿಯೇ. ಪ್ರತಿ ಭಾಗವನ್ನೂ ಹಳೆಯದು ಹೊಸದು ಎರಡರಲ್ಲೂ ಕನಿಷ್ಠ ಮೂರು ತಿಂಗಳು ನಡೆಸಿ, ಅದರಲ್ಲಿ ಒಂದು ಮಾರ್ಚ್ 31 ಸೇರಿರಲಿ. ತಾಳೆಪಟ್ಟಿ ಪೈಸೆಗೆ ಪೈಸೆ ಹೊಂದುವವರೆಗೆ ಹಳೆಯದನ್ನು ನಿಲ್ಲಿಸಬೇಡಿ. ಸಿಬ್ಬಂದಿಗೆ ಇದು ಎರಡು ಪಟ್ಟು ಕೆಲಸ, ಗೊಣಗುತ್ತಾರೆ. ಅವರಿಗೆ ಆ ಅವಧಿಯ ಹೆಚ್ಚುವರಿ ಭತ್ಯೆಯನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಿ. ಎಷ್ಟೋ ಯೋಜನೆಗಳು ಮುರಿದುಬೀಳುವುದು ಈ ಹಂತದಲ್ಲಿಯೇ.

ಹೊಸದು ಬರೆಸಿದ್ದೋ ಬಾಡಿಗೆಯದ್ದೋ ಎಂಬ ತೀರ್ಮಾನವನ್ನು ಮೊದಲ ಎರಡು ಹೆಜ್ಜೆ ಮುಗಿಯುವವರೆಗೆ ತಡೆಹಿಡಿಯಬಹುದು, ಎರಡಕ್ಕೂ ಅವು ಬೇಕೇ ಬೇಕು. ಅಷ್ಟರಲ್ಲಿ ಹಳೆಯ ಕೋಡಿನಿಂದ ತೆಗೆದ ನಿಯಮಗಳ ಪಟ್ಟಿಯೂ ನಿಮ್ಮ ಕೈಯಲ್ಲಿರುತ್ತದೆ. ಕಂಪನಿಯವರ ಮುಂದೆ ಅದನ್ನಿಟ್ಟು ಇವುಗಳಲ್ಲಿ ಎಷ್ಟನ್ನು ನಿಮ್ಮ ತಂತ್ರಾಂಶ ಪಾಲಿಸುತ್ತದೆ ಎಂದು ಕೇಳಬಹುದು. ಹತ್ತರಲ್ಲಿ ಒಂಬತ್ತು ಹೊಂದಿದರೆ ನಾನಾದರೆ ಬಾಡಿಗೆಗೆ ಹೋಗುತ್ತೇನೆ. ಅರ್ಧಕ್ಕರ್ಧ ಹೊಂದದಿದ್ದರೆ ಇಬ್ಬರು ಒಳ್ಳೆಯ ಪ್ರೋಗ್ರಾಮರುಗಳಿಂದ ಒಂದೇ ತುಂಡಿನ ಸರಳ ತಂತ್ರಾಂಶ ಬರೆಸಿ, ಮೂಲ ಕೋಡು ಸಂಘದ ಹೆಸರಿನಲ್ಲಿರಲಿ.

ಮಹಾಸಭೆಯವರೆಗೆ ಕಾಯದೆ ಮಾಡಬೇಕಾದ ಕೆಲಸಗಳು ಎರಡು. ಮೂಲೆಯ ಕಂಪ್ಯೂಟರಿನ ಡಿಸ್ಕಿನ ಪೂರ್ತಿ ನಕಲನ್ನು ಈ ವಾರವೇ ತೆಗೆಸಿ, ಒಂದನ್ನು ಇನ್ನೊಂದು ಶಾಖೆಯ ತಿಜೋರಿಯಲ್ಲಿಡಿ. ಮತ್ತು ತಂತ್ರಾಂಶ ಬರೆದುಕೊಟ್ಟ ಹಿರಿಯರ ಮನೆಗೆ ನೀವೇ ಹೋಗಿ. ಮೂಲ ಕೋಡು ಅವರ ಬಳಿ ಇದೆಯೇ, ಯಾವ ಕಂಪ್ಯೂಟರಿನಲ್ಲಿದೆ, ತೆರೆಯುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಆರು ತಿಂಗಳಿಗೆ ಗೌರವಧನ ಗೊತ್ತುಮಾಡಿ, ವಾರಕ್ಕೆರಡು ಮಧ್ಯಾಹ್ನ ಕಚೇರಿಗೆ ಕರೆಸಿ, ಕೋಡಿನ ಒಂದೊಂದು ವಿಚಿತ್ರ ಸಾಲಿನ ಕಥೆಯನ್ನೂ ಅವರ ಬಾಯಿಂದ ಬರೆಸಿಕೊಳ್ಳಿ. ಪಕ್ಕದಲ್ಲಿ ಠರಾವು ಪುಸ್ತಕಗಳಿರಲಿ. ‘ಮುಟ್ಟಬೇಡಿ’ ಎಂದು ಅವರು ಹೇಳುತ್ತಿರುವುದಕ್ಕೆ ಒಂದು ಕಾರಣ, ಈವರೆಗೆ ಯಾರೂ ಅವರನ್ನು ಹೀಗೆ ಕೂರಿಸಿ ಕೇಳದೇ ಇದ್ದದ್ದೂ ಇರಬಹುದು.